ಮೊಮ್ಮಗಳ ಶಿಬಿರಕ್ಕೆ ನನ್ನ ಕಂಠ

ದೇವರು ಮನುಷ್ಯನಿಗೆ ಮುಖ ಕೊಟ್ಟು, ಅದನ್ನು ನೋಡಿಕೊಳ್ಳಲು ಕನ್ನಡಿ ಮಾಡಿಕೊಳ್ಳುವ ಬುದ್ಧಿಯನ್ನೂ ಕೊಟ್ಟ. ದನಿಯ ವಿಷಯದಲ್ಲಿ ಮಾತ್ರ ಈ ಉಪಕಾರ ಮಾಡಲಿಲ್ಲ. ನಮ್ಮ ದನಿ ಹೇಗಿದೆ ಎಂಬುದು ನಮ್ಮೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಹೊನ್ನಾಳಿಯಲ್ಲಿ ನನ್ನನ್ನು ಮೈಕ್ ಚನ್ನಪ್ಪ ಎನ್ನುತ್ತಾರೆ. ಮೂವತ್ತು ವರ್ಷ ಮೈಕ್‌ಸೆಟ್ ಇಟ್ಟುಕೊಂಡಿದ್ದವನು ನಾನು. ಮದುವೆಗೆ ಹಾಡು ಹಾಕಿದ್ದೇನೆ, ಕಬಡ್ಡಿ ಪಂದ್ಯಕ್ಕೆ ಅಂಕ ಕೂಗಿದ್ದೇನೆ, ಕಳೆದುಹೋದ ಎಮ್ಮೆಯ ಕೋಡು ಯಾವ ಕಡೆ ಬಾಗಿತ್ತು ಎಂದು ಹೇಳಿ ಎಮ್ಮೆಯನ್ನು ಹುಡುಕಿಸಿದ್ದೇನೆ. ಅದೊಂದೂ ಜನಕ್ಕೆ ನೆನಪಿಲ್ಲ. ಆಟೋದ ತಲೆಗೆ ಎರಡು ಹಾರ್ನ್ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಾ ನಾನು ಹೇಳುತ್ತಿದ್ದ ಒಂದೇ ಸುದ್ದಿ ನೆನಪಿದೆ. ಇಂಥವರು, ಇಷ್ಟು ವಯಸ್ಸು, ಇಂಥ ಓಣಿಯ ವಾಸಿ, ಇಂದು ಬೆಳಿಗ್ಗೆ ನಿಧನರಾಗಿದ್ದಾರೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಮನೆಯವರು ಅಳುತ್ತಿದ್ದರು, ಆಮೇಲೆ ನನಗೆ ಹೇಳಿ ಕಳಿಸುತ್ತಿದ್ದರು. ನಾನು ಹೇಳುವವರೆಗೆ ಸತ್ತವರು ಪೂರ್ತಿ ಸತ್ತಂತೆ ಲೆಕ್ಕವಿರಲಿಲ್ಲ.

ಈಗ ಕಸುಬು ಬಿಟ್ಟು ನಾಲ್ಕು ವರ್ಷವಾಯಿತು. ಕಂಠ ಮಾತ್ರ ನನ್ನನ್ನು ಬಿಟ್ಟಿಲ್ಲ. ಸಂತೆಯಲ್ಲಿ ಬದನೆಕಾಯಿ ರಾಶಿಯ ಮುಂದೆ ನಿಂತು "ಅರ್ಧ ಕೆಜಿ ಕೊಡಮ್ಮ" ಎಂದರೆ ಆಕೆ ತಕ್ಕಡಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಯಾರು ಹೋದ್ರು ಅಜ್ಜಾರೆ?" ಎಂದು ಕೇಳುತ್ತಾಳೆ. ಪಕ್ಕದ ಮನೆಯ ಕೂಸು ರಚ್ಚೆ ಹಿಡಿದರೆ ನನ್ನನ್ನು ಕರೆದು ತೊಟ್ಟಿಲ ಮುಂದೆ ಎರಡು ಮಾತು ಆಡಿಸುತ್ತಾರೆ. ಕೂಸು ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ನನ್ನ ತಲೆಯ ಮೇಲೆ ಇನ್ಯಾರೋ ನಿಂತಿದ್ದಾರೆಂಬಂತೆ ಅಲ್ಲಿಗೇ ನೋಡುತ್ತದೆ. ಮೊದಮೊದಲು ನಾನೂ ಹಿಂದಿರುಗಿ ನೋಡುತ್ತಿದ್ದೆ. ಈಗ ನೋಡುವುದನ್ನು ಬಿಟ್ಟಿದ್ದೇನೆ. ನೋಡಿ, ಅಲ್ಲಿ ನಿಜವಾಗಿ ಯಾರಾದರೂ ಇದ್ದುಬಿಟ್ಟರೆ ಅವರ ಜೊತೆ ಏನು ಮಾತಾಡುವುದು?

ಇನ್ನೊಂದು ಗುಟ್ಟು ಹೇಳಬೇಕು. ನಾನು ಶಾಲೆಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ. ಸರಾಗವಾಗಿ ಓದಲು ಕಲಿತದ್ದು ಸಾವಿನ ಚೀಟಿಗಳಿಂದ. ಮನೆಯವರು ಬರೆದುಕೊಟ್ಟ ಹೆಸರು, ವಯಸ್ಸು, ಊರು, ಮಕ್ಕಳೆಷ್ಟು, ಮಣ್ಣು ಎಷ್ಟು ಹೊತ್ತಿಗೆ, ಇವೇ ನನ್ನ ಬಾಲಬೋಧೆ. ಆದ್ದರಿಂದ ಇವತ್ತಿಗೂ ಯಾವ ಕಾಗದ ಕೈಗೆ ಬಂದರೂ ನನ್ನ ಬಾಯಿ ಅದನ್ನು ಅದೇ ರಾಗಕ್ಕೆ ಎಳೆಯುತ್ತದೆ. ಕರೆಂಟ್ ಬಿಲ್ಲನ್ನು ನಾನು ಗಟ್ಟಿಯಾಗಿ ಓದಿದ ದಿನ ನನ್ನ ಹೆಂಡತಿ ಗೌರಮ್ಮ ಎದ್ದು ದೀಪ ಹಚ್ಚಿದ್ದಳು.

ಇಂಥ ನನಗೆ ಒಬ್ಬಳು ಮೊಮ್ಮಗಳಿದ್ದಾಳೆ, ಜಸ್ಲೀನ್. ಹದಿನೆಂಟು ವರ್ಷ. ಅವಳ ಹೆಸರು ಬರೆಯುವಾಗಲೇ ನನಗೆ ಎದೆ ತುಂಬಿ ಅಕ್ಷರ ದಪ್ಪವಾಗುತ್ತದೆ. ಅವಳಪ್ಪ ಬಲ್ವಿಂದರ್ ಇಪ್ಪತ್ತು ವರ್ಷದ ಕೆಳಗೆ ಭತ್ತ ಕೊಯ್ಯುವ ಮಷೀನಿನ ಜೊತೆ ಪಂಜಾಬಿನಿಂದ ನಮ್ಮ ಕಡೆಗೆ ಬಂದವನು. ಮಷೀನು ಕೆಟ್ಟು ಒಂದು ತಿಂಗಳು ಇಲ್ಲೇ ನಿಂತಿತು. ಅದು ರಿಪೇರಿಯಾಗುವ ಹೊತ್ತಿಗೆ ನನ್ನ ಮಗಳು ಅವನನ್ನು ಮದುವೆಯಾಗುತ್ತೇನೆ ಎಂದಳು. ಮಷೀನು ವಾಪಸ್ಸು ಹೋಯಿತು, ಹುಡುಗ ಇಲ್ಲೇ ಉಳಿದು ಗ್ಯಾರೇಜು ಹಾಕಿದ. ಮದುವೆ ಮಾತುಕತೆಗೆ ಅವನಪ್ಪ ಪಂಜಾಬಿನಿಂದ ಫೋನ್ ಮಾಡಿದರು. ನಾನು ಎತ್ತಿದೆ. ಆ ಕಡೆಯಿಂದ ತುಂಬಿದ ದನಿಯೊಂದು "ಸತ್ ಶ್ರೀ ಅಕಾಲ್ ಜೀ" ಎಂದಿತು. ನನ್ನಂಥ ಕಸುಬಿನವನ ಕಿವಿಗೆ ಅದು ಹೇಗೆ ಕೇಳಿಸಬೇಕು? ಶ್ರೀ ಯಾರೋ ಅಕಾಲದಲ್ಲಿ ಸತ್ತಿದ್ದಾರೆ, ಹೆಸರು ಮಾತ್ರ ಲೈನಿನಲ್ಲಿ ತಪ್ಪಿಹೋಗಿದೆ. ನಾನು ಕಿವಿಯ ಮೇಲಿನ ಪೆನ್ನು ತೆಗೆದು, "ವಯಸ್ಸೆಷ್ಟು? ಮಣ್ಣು ಎಷ್ಟೊತ್ತಿಗೆ?" ಎಂದೆ. ಅವರಿಗೆ ಕನ್ನಡ ಬಾರದು. "ಹಾಂ ಜೀ, ಹಾಂ ಜೀ" ಎಂದು ಗಲಗಲ ನಕ್ಕರು. ಸಾವಿನ ಮನೆಯಿಂದ ಇಷ್ಟು ಖುಷಿಯಲ್ಲಿ ಫೋನ್ ಮಾಡಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ನಗು ಕೇಳಿ ನನ್ನ ಬೆನ್ನಿನಲ್ಲಿ ಇರುವೆ ಹರಿದಂತಾಯಿತು. ಅದು ಅವರ ನಮಸ್ಕಾರ ಎಂದು ಆಮೇಲೆ ಅಳಿಯ ತಿಳಿಸಿದ. ಅರ್ಥವನ್ನು ತಿಳಿಸಿದ್ದು ಜಸ್ಲೀನ್, ಅದೂ ಅವಳಿಗೆ ಎಂಟು ವರ್ಷವಾದಾಗ. "ಹೊತ್ತಲ್ಲದ ಹೊತ್ತಿನಾಗೆ ಅಂತ ಅಲ್ಲಜ್ಜ. ಕಾಲದ ಕೈಗೆ ಸಿಗದೇ ಇರೋನು ಅಂತ. ಅವನೇ ಸತ್ಯ ಅಂತ." ಎಂಟು ವರ್ಷದ ಬಾಯಲ್ಲಿ ಅಂಥ ಮಾತು. ನಾನು ಅದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಕೇಳಿದವರು ಮೊದಲು ಯಾರು ಹೋದರು ಎಂದು ವಿಚಾರಿಸಿ, ಆಮೇಲೆ ಸಂತೋಷಪಟ್ಟರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಈ ನಾಲ್ಕು ಕಡೆ ಸೇರಿಸಿದರೆ ಸಿಖ್ಖರ ಮನೆಗಳು ಹದಿನಾಲ್ಕೋ ಹದಿನೈದೋ ಇವೆ. ಗ್ಯಾರೇಜು, ಟೈರ್ ಅಂಗಡಿ, ಹೆದ್ದಾರಿಯ ಢಾಬಾ, ಹೀಗೆ ಎಲ್ಲೆಲ್ಲೋ ಚದುರಿಕೊಂಡಿದ್ದಾರೆ. ಇವರ ಮಕ್ಕಳಿಗಾಗಿ ಬೇಸಿಗೆ ರಜದಲ್ಲಿ ಒಂದು ಶಿಬಿರ ಮಾಡಬೇಕೆಂದು ಹಿರಿಯರು ನಿಶ್ಚಯಿಸಿದರು. ಹಿರಿಯರೆಂದರೆ ಮುಖ್ಯವಾಗಿ ಕರ್ತಾರ್ ಸಿಂಗರು. ಚನ್ನಗಿರಿಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡು ನಮ್ಮ ಕನ್ನಡವನ್ನು ನಮಗಿಂತ ಬಿರುಸಾಗಿ ಮಾತಾಡುವವರು. ಹೋದ ವರ್ಷ ಶಿಬಿರಕ್ಕೆ ಬಂದದ್ದು ನಾಲ್ಕೇ ಮಕ್ಕಳು. ಅದರಲ್ಲಿಬ್ಬರು ಎರಡನೇ ದಿನ ಹೊಟ್ಟೆನೋವೆಂದು ಹೋದರು. ಈ ವರ್ಷ ಯಾವ ಯಾವ ವಿಷಯ ಇಡಬೇಕೆಂದು ಯೋಜನೆ ಮಾಡುವ ಕೆಲಸವನ್ನು ಅವರು ನಮ್ಮ ಜಸ್ಲೀನಳಿಗೆ ಒಪ್ಪಿಸಿದರು. "ಬೇಟಿ, ಭಾನುವಾರದೊಳಗೆ ಹದಿನೈದು ಹೆಸರು ಬರ್ಬೇಕು. ಬರಲಿಲ್ಲ ಅಂದ್ರೆ ಈ ಶಿಬಿರದ ಗೊಡವೆ ಇಲ್ಲಿಗೆ ಬಿಟ್ಟುಬಿಡಾಣ" ಎಂದೂ ಹೇಳಿದರು. ನಮ್ಮ ಹುಡುಗಿ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ಮಿಂಚು ನೋಡಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಮ್ಮ ವಂಶದಲ್ಲಿ ಯಾರಿಗೂ ಯಾರೂ ಏನನ್ನೂ ಯೋಜನೆ ಮಾಡಲು ಕೊಟ್ಟವರಲ್ಲ.

ಅವಳು ನಮ್ಮ ನಡುಮನೆಯಲ್ಲಿ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿಕೊಂಡು ಕೂತಳು. ಪೇಟ ಸುತ್ತುವುದು, ಗುರುಮುಖಿ ಅಕ್ಷರ, ಕೀರ್ತನೆ, ಕೋಲು ತಿರುಗಿಸುವ ವರಸೆ, ಗುರುಗಳ ಇತಿಹಾಸ ಎಂದು ಬರೆದಳು. ಲಂಗರ್ ಎಂದು ಬರೆದಾಗ ಅದೇನೆಂದು ಗೌರಮ್ಮ ಕೇಳಿದಳು. "ಎಲ್ಲಾರೂ ಸೇರಿ ಅಡಿಗೆ ಮಾಡಿ, ಒಂದೇ ಸಾಲಿನಾಗೆ ಕೂತು ಉಣ್ಣೋದಜ್ಜಿ." "ಅದು ದಾಸೋಹ ಅಲ್ಲೇನೆ? ಹಂಗಂತ ಬರಿ. ರೊಟ್ಟಿ ತಟ್ಟಾಕೆ ನಾನು ಬರ್ತೀನಿ" ಎಂದಳು ಇವಳು. ನಾನೂ ಹಿಂದೆ ಬೀಳಬಾರದೆಂದು ಮೈಕಿನ ವೈರು ಬೆಸೆಯುವುದನ್ನು ಒಂದು ವಿಷಯವಾಗಿ ಇಡಬಹುದೆಂದೆ. "ಅದನ್ನ ಕಲ್ತು ನೀವೇನು ಉದ್ಧಾರ ಆಗೀರಿ, ಆ ಮಕ್ಕಳಿಗೂ ಯಾಕೆ?" ಎಂದಳು ಗೌರಮ್ಮ. ಜಸ್ಲೀನ್ ನಕ್ಕಳೇ ಹೊರತು ಬರೆಯಲಿಲ್ಲ. ಹಾಳೆ ತುಂಬಿದ ಮೇಲೆ ಅದನ್ನು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ, "ಇದ್ರಾಗೆ ಏನೋ ಇಲ್ಲ ಅಜ್ಜ. ಇದು ದೊಡ್ಡೋರ ಪಟ್ಟಿ ಆತು" ಎಂದಳು. ಮನೆಮನೆಗೆ ಫೋನ್ ಮಾಡಿ ಒಂಬತ್ತು ಹೆಸರು ಸಂಪಾದಿಸಿದಳು. ಇನ್ನೂ ಆರು ಬೇಕಿತ್ತು.

ಹದಿನಾಲ್ಕು ಮನೆ. ಫೋನಿನಲ್ಲೇ ಮುಗಿಯುವ ಕೆಲಸ. ಅಷ್ಟು ನನಗೂ ತಿಳಿಯುತ್ತದೆ. ಆದರೆ ಮೊಮ್ಮಗಳ ಕಾರ್ಯಕ್ರಮ ನಡೆಯುವಾಗ ಅಟ್ಟದ ಮೇಲೆ ಎರಡು ಹಾರ್ನ್ ಬೋರಲು ಬಿದ್ದಿದ್ದರೆ ಯಾವ ಅಜ್ಜನಿಗೆ ಕೈ ಸುಮ್ಮನಿರುತ್ತದೆ? ಅವಳನ್ನು ಕೇಳಲಿಲ್ಲ. ಬೆಳಿಗ್ಗೆ ಅವಳು ಕಾಲೇಜಿಗೆ ಹೋದಮೇಲೆ ಹಾರ್ನಿನೊಳಗಿನ ಜೇಡರ ಬಲೆ ಒರೆಸಿ, ಹಳೆಯ ಜೊತೆಗಾರ ದಾದಾಪೀರನ ಆಟೋಕ್ಕೆ ಕಟ್ಟಿಸಿದೆ. ದಾದಾಪೀರ್ ಹೊರಡುವ ಮೊದಲು, "ಚಾಚಾ, ಖುಷಿ ಸುದ್ದಿ ಅಂತೀರಿ, ಖುಷಿಯಾಗೇ ಹೇಳ್ರಿ ಮತ್ತೆ" ಎಂದ. "ನಂಗೇನು ಹೇಳ್ಕೊಡ್ತೀಯೋ" ಎಂದು ಗದರಿದೆ.

ಹೊನ್ನಾಳಿಯ ದೊಡ್ಡ ಬೀದಿಯಲ್ಲಿ ನಾನು ಮೊದಲ ಮಾತು ಆಡಿದೆ. "ಮಹಾಜನತೆಯಲ್ಲಿ ತಿಳಿಯಪಡಿಸುವುದೇನೆಂದರೆ..." ಬೀದಿ ನಿಂತಿತು. ನಾಲ್ಕು ವರ್ಷದಿಂದ ಕೇಳದೇ ಇದ್ದ ದನಿ ಎದ್ದು ಬಂದಿತ್ತು. ಚಹಾ ಸೋಸುತ್ತಿದ್ದವನು ಸೋಸುವುದನ್ನು ನಿಲ್ಲಿಸಿದ. ಬಟ್ಟೆ ಅಂಗಡಿಯವರು ಎಂದಿನ ಮರ್ಯಾದೆಯಂತೆ ಷಟರನ್ನು ಅರ್ಧ ಇಳಿಸಿದರು. ಒಬ್ಬಾತ ಟೋಪಿ ತೆಗೆದ. ಮುದುಕಿಯೊಬ್ಬಳು ಬಾಗಿಲಿಗೆ ಬಂದು ಚೊಂಬಿನ ನೀರನ್ನು ಹೊಸ್ತಿಲಾಚೆ ಚೆಲ್ಲಿ ಒಳಗೆ ಹೋದಳು. ನಾನು ಶಿಬಿರ ಎಂದೆ, ಮಕ್ಕಳು ಎಂದೆ, ಆಟ ಎಂದೆ. ಯಾರೂ ಆ ಮಾತುಗಳನ್ನು ಕೇಳುತ್ತಿರಲಿಲ್ಲ, ಕಂಠವನ್ನು ಕೇಳುತ್ತಿದ್ದರು. ಎಲ್ಲರೂ ಹೆಸರಿಗಾಗಿ ಕಾಯುತ್ತಿದ್ದರು. ಹೆಸರು ಬಾರದೇ ಆಟೋ ಮುಂದೆ ಹೋದಾಗ, ಬದುಕಿದವರು ತಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು ಕನ್ನಡಿಯಲ್ಲಿ ಕಾಣುತ್ತಿತ್ತು.

ನ್ಯಾಮತಿ ತಲುಪಿದಾಗ ಮಟಮಟ ಮಧ್ಯಾಹ್ನ. ನಮ್ಮ ಕಡೆ ಹಳಬರು ಹೇಳುವಂತೆ ಅದು ಮನುಷ್ಯರು ಒಳಗಿರುವ ಹೊತ್ತು, ಉಳಿದವರು ಹೊರಗೆ ಓಡಾಡುವ ಹೊತ್ತು. ಒಂದು ನಾಯಿಯೂ ಇರಲಿಲ್ಲ. ಓಣಿಯ ಕೊನೆಯಲ್ಲಿ ಗುಡ್ಡಕ್ಕೆ ಮುಖಮಾಡಿ ಆಟೋ ನಿಂತಿತು. "ನ್ಯಾಮತಿಯ ಸಮುದಾಯ ಭವನದಲ್ಲಿ ಸಿಖ್ ಮಕ್ಕಳಿಗಾಗಿ ಮೂರು ದಿನದ ಶಿಬಿರ ಏರ್ಪಡಿಸಿದ್ದಾರೆ" ಎಂದೆ. ಬಾಯಿ ಮುಚ್ಚಿದೆ. ಗುಡ್ಡದ ಕಡೆಯಿಂದ ನನ್ನದೇ ದನಿ, ನನಗಿಂತ ನಿಧಾನವಾಗಿ, ವಾಪಸ್ಸು ಬಂತು. ಇಡೀ ಮಾತು ಬರಲಿಲ್ಲ. ಬಾಲ ಮಾತ್ರ ಬಂತು. "...ದ್ದಾರೆ." ಇನ್ನೊಮ್ಮೆ, ಇನ್ನೂ ದೂರದಿಂದ, "...ದ್ದಾರೆ." ಅದು ಏರ್ಪಡಿಸಿದ್ದಾರೆಯ ಬಾಲವೋ, ಮೂವತ್ತು ವರ್ಷ ನಾನು ಹೇಳಿದ್ದ ಆ ಇನ್ನೊಂದು ಮಾತಿನ ಬಾಲವೋ ಯಾರಿಗೆ ಗೊತ್ತು. ನಾನು ಅಲ್ಲಿ ಬಿಟ್ಟುಹೋಗಿದ್ದ ಸುದ್ದಿಗಳೆಲ್ಲ ಆ ಗುಡ್ಡದಲ್ಲೇ ಕೂತಿದ್ದು, ಇವತ್ತು ನನ್ನ ಗುರುತು ಹಿಡಿದು ಮಾತಾಡಿಸಿದ ಹಾಗಿತ್ತು. ದಾದಾಪೀರ್ ಆಟೋ ಚಾಲೂ ಮಾಡಿ, "ಚಾಚಾ, ಇಲ್ಲಿ ಸಾಕು" ಎಂದ. ನಾನು ಬೇಡ ಎನ್ನಲಿಲ್ಲ. ಸ್ವಲ್ಪ ದೂರ ಬಂದ ಮೇಲೆ, "ಈ ಊರಾಗೆ ಸಿಖ್ಖರ ಮನಿ ಎಷ್ಟವೆ?" ಎಂದು ಕೇಳಿದ. ಒಂದು ಎಂದೆ. "ಅವ್ರು ಊರಿಗೆ ಹೋಗ್ಯಾರಂತೆ, ಬೀಗ ಹಾಕೈತೆ" ಎಂದ. ಹಾಗಾದರೆ ನ್ಯಾಮತಿಯಲ್ಲಿ ನಮ್ಮ ಕರೆಗೆ ಉತ್ತರ ಕೊಟ್ಟದ್ದು ಗುಡ್ಡ ಒಂದೇ.

ಮಾರನೇ ದಿನ ಜಗಳೂರು. ಅಲ್ಲಿನದು ಬೇರೆ ಥರದ ದಿಗಿಲು. ಮೆಕ್ಕೆಜೋಳ ಕಟಾವಾಗಿ ನೆಲ ಬೋಳಾಗಿತ್ತು. ಕೂಗಿದ ಮಾತು ಎಲ್ಲಿಗೂ ತಗಲದೆ ಹೋಗುತ್ತಲೇ ಇತ್ತು, ಹಿಂದಿರುಗುತ್ತಿರಲಿಲ್ಲ. ದನಿ ಬಾವಿಗೆ ಬಿದ್ದ ಕಲ್ಲಾದರೆ ತಳ ಮುಟ್ಟಿದ ಸದ್ದಾದರೂ ಬರುತ್ತದೆ. ಇಲ್ಲಿ ಅದೂ ಇಲ್ಲ. ಮೇಯುತ್ತಿದ್ದ ಕುರಿಹಿಂಡು ತಲೆಯೆತ್ತಿ, ಒಂದೂ ತಪ್ಪದೆ, ನನ್ನ ಕಡೆಗೇ ತಿರುಗಿ ನಿಂತಿತು. ಹೆದ್ದಾರಿಯ ಢಾಬಾ ಮುಂದೆ ಹಗ್ಗದ ಮಂಚದ ಮೇಲೆ ಕರ್ತಾರ್ ಸಿಂಗರ ಅಕ್ಕ ಕೂತಿದ್ದರು. ಎಲ್ಲರೂ ಅವರನ್ನು ಬೀಜಿ ಎನ್ನುತ್ತಾರೆ, ಎಪ್ಪತ್ತು ದಾಟಿದವರು. ಇಲ್ಲಿಯಾದರೂ ಸುದ್ದಿಗೆ ತೂಕ ಬರಲಿ ಎಂದು ನಾನು ಜಸ್ಲೀನಳ ಪಟ್ಟಿಯಿಂದ ಬರೆದುಕೊಂಡಿದ್ದ ಚೀಟಿಯನ್ನು ತೆಗೆದೆ. ಇತಿಹಾಸದ ವಿಷಯ, ಮಾತಾಡುವವರು ಕರ್ತಾರ್ ಸಿಂಗ್. ಚೀಟಿಯಲ್ಲಿ ಇದ್ದದ್ದು ಅಷ್ಟೇ. ಹೆಸರು ಕಂಡದ್ದೇ ತಡ, ಬಾಯಿ ತನ್ನ ಹಳೆಯ ದಾರಿ ಹಿಡಿಯಿತು. "ಚನ್ನಗಿರಿಯ ವಾಸಿ, ಶ್ರೀ ಕರ್ತಾರ್ ಸಿಂಗ್ ಅವರು, ವಯಸ್ಸು ಅರವತ್ತೆರಡು, ಪತ್ನಿ, ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು..." ಇಲ್ಲಿಗೆ ನಾನು ನಿಲ್ಲಿಸಿದೆ. ಆಣೆ ಮಾಡಿ ಹೇಳುತ್ತೇನೆ, ನಿಲ್ಲಿಸಿದೆ. ಬೀಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಕೈಮುಗಿದೆ, ಅವರೂ ಮುಗಿದರು. ಆಟೋ ತಿರುಗಿಸಿಕೊಂಡು ಎರಡು ಮೈಲಿ ಬಂದಮೇಲೆ ದಾದಾಪೀರ್ ಮೆಲ್ಲಗೆ ಕೇಳಿದ.

"ಚಾಚಾ, ಸರ್ದಾರ್‌ಜಿ ಯಾವಾಗ ಹೋದ್ರು?"

"ಎಲ್ಲಿಗೆ?"

"ನೀವೇ ಹೇಳಿದ್ರಲ್ಲ. ಅಗಲಿದ್ದಾರೆ ಅಂತ."

"ನಾನೆಲ್ಲಿ ಹೇಳ್ದೆ? ಬಂಧುಬಳಗ ಅನ್ನೋತನಕ ಹೋಗಿ ನಿಲ್ಲಿಸ್ದೆ."

"ನಾನು ಮುಂದೇನೇ ಕೂತಿದ್ನಲ್ಲ ಚಾಚಾ. ಅಂದ್ರಿ."

ಆ ಮಾತನ್ನು ನಾನು ಆಡಿದ್ದು ನನಗೆ ಕೇಳಿಸಿಯೇ ಇರಲಿಲ್ಲ. ಇನ್ಯಾರೋ ನನ್ನ ಬಾಯಿಯನ್ನು ಒಂದು ಮಾತಿನ ಮಟ್ಟಿಗೆ ಕಡ ತೆಗೆದುಕೊಂಡು ವಾಪಸ್ಸು ಇಟ್ಟಿದ್ದರು. ತಿರುಗಿ ಹೋಗಿ ಬೀಜಿಗೆ ಹೇಳಿಬಿಡೋಣ ಎಂದ ದಾದಾಪೀರ್. ಹೋದೆವು. ಮಂಚ ಖಾಲಿಯಿತ್ತು, ಕನ್ನಡಕ ಮಾತ್ರ ಅದರ ಮೇಲಿತ್ತು. ತಮ್ಮನಿಗೆ ಆರು ಸಲ ಫೋನ್ ಮಾಡಿ, ಅವರು ಎತ್ತದೇ ಇದ್ದಾಗ ಬೀಜಿ ಮಗನ ಜೊತೆ ಸಿಕ್ಕ ಬಸ್ಸು ಹತ್ತಿದ್ದರು. ಕರ್ತಾರ್ ಸಿಂಗರಾದರೋ ಲಾರಿಯ ಕೆಳಗೆ ಮಲಗಿ ಚಕ್ರ ಬಿಚ್ಚುತ್ತಿದ್ದರು. ಬೀಜಿ ಬಂದು, ಕೂಗಿ ಕರೆದು, ಲಾರಿಯ ಕೆಳಗಿನಿಂದ ಮೊದಲು ಎರಡು ಕಾಲು ಅಲುಗಾಡಿದ್ದನ್ನು ಕಂಡು ಅಲ್ಲೇ ಕುಸಿದು ಕೂತರಂತೆ.

ನಾವು ಚನ್ನಗಿರಿ ಸೇರಿದ್ದು ಮೂರನೇ ದಿನ ಬೆಳಿಗ್ಗೆ, ಕ್ಷಮೆ ಕೇಳಲಿಕ್ಕೆಂದೇ. ಟೈರ್ ಅಂಗಡಿಯ ಮುಂದೆ ಇಪ್ಪತ್ತು ಮೂವತ್ತು ಜನ. ಎಲ್ಲೆಲ್ಲಿಂದಲೋ ಸುದ್ದಿ ಹಬ್ಬಿ, ಹಾರ ಹಿಡಿದು ಬಂದವರು ಹಾರವನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಮಧ್ಯದಲ್ಲಿ ಸ್ಟೂಲಿನ ಮೇಲೆ ಕರ್ತಾರ್ ಸಿಂಗರು ಕೂತು, ಬಂದವರಿಗೆಲ್ಲ "ಇಲ್ಲ ಕಣ್ರೀ, ಇದೀನಿ" ಎಂದು ಹೇಳುತ್ತಿದ್ದರು. ಲಾರಿ ಡ್ರೈವರೊಬ್ಬ ಅವರ ಮುಂಗೈ ಮುಟ್ಟಿ ಬಿಸಿಯಿದೆಯೇ ಎಂದು ನೋಡಿದ. ನಾನು ಆಟೋದಿಂದ ಇಳಿದು "ಕರ್ತಾರ್ ಸಿಂಗರೇ" ಎಂದೆ. ಅಷ್ಟೇ. ಗುಂಪೆಲ್ಲ ಎರಡು ಹೆಜ್ಜೆ ಹಿಂದೆ ಸರಿಯಿತು. ಅವರು ನನ್ನನ್ನು ದುರುಗುಟ್ಟಿ ನೋಡಲಿಲ್ಲ, ಬಯ್ಯಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಚನ್ನಪ್ಪನೋರೆ, ಜನ ಹೇಳಿದಾಗ ನಗು ಬಂತು. ಈಗ ನಿಮ್ಮ ಬಾಯಾಗೆ ನನ್ನ ಹೆಸ್ರು ಕೇಳ್ದೆ ನೋಡ್ರಿ, ಒಂದು ಗಳಿಗೆ ನಂಗೇ ಡೌಟ್ ಬಂತು."

ಆ ಸಂಜೆಯ ಹೊತ್ತಿಗೆ ಒಂಬತ್ತು ಹೆಸರಲ್ಲಿ ಆರು ಉದುರಿದವು. ಶಿಬಿರದ ಹೆಸರಿನಲ್ಲೇ ಸಾವಿನ ಸುದ್ದಿ ಬಂತು, ಈ ವರ್ಷ ಬೇಡ ಎಂದರು ತಾಯಂದಿರು. ಕರ್ತಾರ್ ಸಿಂಗರೂ ಫೋನ್ ಮಾಡಿ, "ಬೇಟಿ, ಈ ಸಲ ಬಿಟ್ಟುಬಿಡಾಣ" ಎಂದರು. ಜಸ್ಲೀನ್ ಗೋಡೆಯ ಹಾಳೆಯನ್ನು ನಾಲ್ಕು ಮೂಲೆಯಿಂದ ಬಿಡಿಸಿ, ಸುರುಳಿ ಸುತ್ತಿ, ಕೈಯಲ್ಲಿ ಹಿಡಿದುಕೊಂಡು ನನ್ನ ಎದುರಿಗೆ ನಿಂತಳು. "ಅಜ್ಜ, ನಾನು ನಿಂಗೆ ಕೂಗು ಅಂದಿದ್ನಾ?" ಎಂದಳು. ನಾನು ಇಲ್ಲ ಎಂದೆ. ಆ ಒಂದು "ಇಲ್ಲ" ನನ್ನ ಬಾಯಿಂದ ಎಷ್ಟು ಗಂಭೀರವಾಗಿ ಬಂತೆಂದರೆ, ಅವಳಿಗೆ ಅಳು ಬಂದುಬಿಟ್ಟಿತು. ಗೌರಮ್ಮ ಅಡಿಗೆಮನೆಯಿಂದ, "ನಿಮ್ಮ ಬಾಯಾಗೆ ಮದುವಿ ಸುದ್ದೀನೂ ಮಣ್ಣಿನ ಸುದ್ದೀನೇ. ಖುಷಿ ಆದ್ರೆ ಸಕ್ರಿ ತಿಂದು ಸುಮ್ನಿರಾಕೆ ಏನಾಗಿತ್ತು?" ಎಂದಳು. ಎರಡು ದಿನ ನಾನು ಮಾತೇ ಆಡಲಿಲ್ಲ. ಮನೆಯಲ್ಲಿ ಯಾರಿಗೂ ಅದರಿಂದ ತೊಂದರೆಯಾದಂತೆ ಕಾಣಲಿಲ್ಲ.

ಶನಿವಾರ ಬೆಳಿಗ್ಗೆ ಜಸ್ಲೀನಳ ಫೋನು ಬಡಿಯಿತು. ಅವಳು ಹಿಟ್ಟು ಕಲಸುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದಳು. ಮಾತಾಡಿದ್ದು ಜಗಳೂರಿನ ಬೀಜಿಯ ಮೊಮ್ಮಗಳು ಮನ್ನತ್, ಹತ್ತು ವರ್ಷದ ಹುಡುಗಿ.

"ದೀದಿ, ಕರ್ತಾರ್ ದಾದಾಜಿ ಸತ್ತು ತಿರುಗಿ ಬಂದ್ರಂತೆ, ಹೌದಾ? ಅಲ್ಲಿ ಏನೇನೈತೆ ಅಂತ ಶಿಬಿರದಾಗೆ ಹೇಳ್ತಾರಾ?"

"ಹಂಗೇನಿಲ್ಲ ಪುಟ್ಟಿ. ನಮ್ಮಜ್ಜ ತಪ್ಪಿ ಹೇಳಿದ್ದು."

"ಆ ಅಜ್ಜ ಯಾರ ಹೆಸ್ರು ಹೇಳ್ತಾನೋ ಅವ್ರು ಹೋಗ್ತಾರಂತೆ. ನಮ್ಮ ಕುರಿಯೆಲ್ಲ ಅವತ್ತಿಂದ ಮೇಯಾಕೇ ಒಲ್ಲವು. ಆ ಅಜ್ಜನೂ ಬರ್ತಾನಾ?"

"ಬಂದ್ರೆ?"

"ಬಂದ್ರೆ ನಾನೂ ಬರ್ತೀನಿ. ಒಂದು ಕೇಳಾದೈತೆ. ನಮ್ಮ ಪಿಂಡಿನಾಗೆ ದೊಡ್ಡ ದಾದಾ ಸತ್ತಾಗ ನಮಗೆ ಫೋನಿನಾಗೆ ತೋರಿಸಿದ್ರು. ಹಾರ ಹಾಕೋತಂಕ ಕಾಣ್ತಿತ್ತು. ಆಮೇಲೆ ನೆಟ್‌ವರ್ಕ್ ಹೋತು. ಆಮೇಲೆ ಏನಾತು ಅಂತ ಯಾರೂ ಹೇಳ್ಲೇ ಇಲ್ಲ."

ಜಸ್ಲೀನ್ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತಳು. ದಾದಾ ಎಂದರೆ ಅವರ ಭಾಷೆಯಲ್ಲಿ ಅಜ್ಜ, ಪಿಂಡ್ ಎಂದರೆ ಊರು. ನಮ್ಮ ಭಾಷೆಯಲ್ಲಿ ಅದೇನೆಂದು ನಿಮಗೆ ಗೊತ್ತೇ ಇದೆ. ಅವಳು ಕೈ ತೊಳೆದು ಆ ಎಲ್ಲ ಮನೆಗಳಿಗೂ ಮತ್ತೆ ಫೋನ್ ಮಾಡಿದಳು. ಈ ಸಲ ದೊಡ್ಡವರ ಹತ್ತಿರ ಮಾತಾಡಲಿಲ್ಲ, ಮಕ್ಕಳಿಗೆ ಕೊಡಿ ಎಂದಳು. ನಿಮಗೆ ಕೇಳಬೇಕಾದದ್ದು ಏನಿದೆ ಎಂದಳು. ಮಧ್ಯಾಹ್ನದೊಳಗೆ ಅವಳ ಫೋನಿನ ತುಂಬ ಸಣ್ಣ ಸಣ್ಣ ದನಿಗಳು. ಸತ್ತವರಿಗೆ ನಾವು ಇಲ್ಲಿರೋದು ಗೊತ್ತಾ, ಇಷ್ಟು ದೂರ ಬರ್ತಾರಾ, ಅವರಿಗೆ ಕನ್ನಡ ತಿಳೀತದಾ, ಕನ್ನಡದಾಗೆ ಅತ್ತರೆ ನಡೀತದಾ. ಒಬ್ಬ ಹುಡುಗ ಏನೂ ಕೇಳದೆ ಸುಮ್ಮನೆ ಉಸಿರಾಡಿ ಇಟ್ಟಿದ್ದ. ಅವಳು ಒಂದೊಂದನ್ನೇ ಹಚ್ಚುತ್ತಿದ್ದಳು, ನಾವು ಮೂವರೂ ಮಟಮಟ ಬಿಸಿಲಿನಲ್ಲಿ ಕದ ಹಾಕಿಕೊಂಡು ಕೇಳುತ್ತಿದ್ದೆವು. ಗೌರಮ್ಮ ಸುಮ್ಮನೆ ನನ್ನ ಪಕ್ಕಕ್ಕೆ ಸರಿದು ಕೂತಳು. ಜಸ್ಲೀನ್ ಹಾಳೆಯನ್ನು ಬಿಡಿಸಿ, ಇತಿಹಾಸವನ್ನು ಮಾರನೇ ದಿನಕ್ಕೆ ಬಾಣದಲ್ಲಿ ತಳ್ಳಿ, ಮೊದಲ ದಿನದ ಮೊದಲ ಸಾಲಿನಲ್ಲಿ ಬರೆದಳು: ಆಮೇಲೆ ಏನಾಯಿತು.

ಆ ದನಿಗಳನ್ನು ಅವಳು ಕರ್ತಾರ್ ಸಿಂಗರಿಗೂ ಕೇಳಿಸಿದಳು. ಅವರು, "ಇದನ್ನ ಯಾರು ಹೇಳ್ಬೇಕು? ಸತ್ತು ಬಂದಿರೋನು ನಾನೊಬ್ಬನೇ ಅಲ್ವಾ" ಎಂದರಂತೆ. ಅವರೇ ಮನೆಮನೆಗೆ ಫೋನ್ ಮಾಡಿ ತಾಯಂದಿರನ್ನು ಒಪ್ಪಿಸಿದರು. ಭಾನುವಾರ ಸಂಜೆಗೆ ಹದಿನೇಳು ಹೆಸರು. ನನಗೆ ಕುಣಿಯಬೇಕೆನ್ನಿಸಿತು. ಆದರೆ ಖುಷಿಯಾದರೆ ಏನಾಗುತ್ತದೆಂದು ಗೊತ್ತಾಗಿತ್ತಲ್ಲ, ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡು ತುಟಿ ಬಿಗಿಹಿಡಿದೆ.

ಶಿಬಿರದ ಮೊದಲ ದಿನ ಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಂಡು ಜಮಖಾನೆಯ ಮೇಲೆ ಕೂತಿದ್ದರು. ಕರ್ತಾರ್ ಸಿಂಗರು ಪಂಜಾಬಿನ ಊರಲ್ಲಿ ಹೇಗೆ ಸ್ನಾನ ಮಾಡಿಸುತ್ತಾರೆ, ಹೇಗೆ ಹೆಗಲು ಕೊಡುತ್ತಾರೆ, ಚಿತೆ ಉರಿದ ಮೇಲೆ ಎಲ್ಲರೂ ಕೂತು ಏನು ಹಾಡುತ್ತಾರೆ, ಒಂದನ್ನೂ ಬಿಡದೆ ಹೇಳಿದರು. ಮನ್ನತ್ ಗಲ್ಲಕ್ಕೆ ಕೈಯಿಟ್ಟು ನೆಟ್‌ವರ್ಕ್ ಹೋದ ಜಾಗದಿಂದ ಮುಂದಕ್ಕೆ ನೋಡುತ್ತಿದ್ದಳು. ಆಮೇಲೆ ನನ್ನ ಸರದಿ. ಸಾವಿನ ಸುದ್ದಿ ಹೇಳುವುದು ಹೇಗೆ ಎಂದು ಹೇಳಲು ಜಸ್ಲೀನ್ ನನ್ನನ್ನು ಮುಂದೆ ಕೂರಿಸಿದಳು. ನಾನು ಹೇಳಿದೆ. ಹೆಸರನ್ನು ಅವಸರದಲ್ಲಿ ಹೇಳಬಾರದು. ಹೇಳಿದ ಮೇಲೆ ಸ್ವಲ್ಪ ನಿಲ್ಲಬೇಕು. ಆ ನಿಲುಗಡೆಯಲ್ಲೇ ಊರು ಅವರನ್ನು ನೆನೆಸಿಕೊಳ್ಳುವುದು, ಹೆಚ್ಚು ನಿಂತರೆ ಅಳು, ಕಮ್ಮಿ ನಿಂತರೆ ಬರೀ ಸುದ್ದಿ. ಆ ಅಳತೆ ಸಿಗಲು ನನಗೆ ಹನ್ನೊಂದು ವರ್ಷ ಹಿಡಿಯಿತು ಎಂದೆ. ಆಗ ಮನ್ನತ್ ಕೈಯೆತ್ತಿದಳು.

"ಅಜ್ಜ, ನೀನು ಸತ್ರೆ ಯಾರು ಹೇಳ್ತಾರೆ?"

ಮೂವತ್ತು ವರ್ಷದಲ್ಲಿ ಹೊನ್ನಾಳಿಯ ಪ್ರತಿಯೊಂದು ಓಣಿಯನ್ನೂ ಸುತ್ತಿದ್ದೇನೆ, ಈ ಪ್ರಶ್ನೆ ಇರುವ ಓಣಿಗೆ ಹೋಗಿರಲಿಲ್ಲ. ನನ್ನ ಕೈಯಲ್ಲಿದ್ದ ಮೈಕು ಗುಂಯ್ ಎಂದಿತು. ಹದಿನೇಳು ಜೊತೆ ಕಣ್ಣು ನನ್ನ ತಲೆಯ ಮೇಲುಗಡೆ ನೋಡುತ್ತಿದ್ದವು. ಜಸ್ಲೀನ್ ಎದ್ದುಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೈಕು ತೆಗೆದುಕೊಂಡಳು.

"ನಾನು ಹೇಳ್ತೀನಿ" ಎಂದಳು.

"ಹೆಂಗೆ?" ಎಂದರು ಮಕ್ಕಳು.

ಅವಳು ನನ್ನತ್ತ ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿ, ಹೇಳಿದಳು. "ಹೊನ್ನಾಳಿಯ ಮಹಾಜನತೆಯಲ್ಲಿ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಇದೇ ಊರಿನ ವಾಸಿ, ಮೈಕ್‌ಸೆಟ್ಟಿನ ಚನ್ನಪ್ಪನವರು..." ಇಲ್ಲಿ ನಿಂತಳು. ಆಹಾ, ಏನು ನಿಂತಳು ಅಂತೀರಿ. ಒಂದು ಉಸಿರು ಹೆಚ್ಚಿಲ್ಲ, ಒಂದು ಉಸಿರು ಕಮ್ಮಿಯಿಲ್ಲ. ನನಗೆ ಹನ್ನೊಂದು ವರ್ಷ ಹಿಡಿದದ್ದು ಈ ಕೂಸಿಗೆ ಮೊದಲ ಸಲಕ್ಕೇ ಸಿಕ್ಕಿತ್ತು. ಆ ನಿಲುಗಡೆಯಲ್ಲಿ ಇಡೀ ಭವನ ತಣ್ಣಗಾಯಿತು. ಕರ್ತಾರ್ ಸಿಂಗರು ತಮಗೇ ತಿಳಿಯದಂತೆ ಎದ್ದು ನಿಂತರು. ಮಕ್ಕಳು ಎದ್ದವು, ಬಾಗಿಲಲ್ಲಿದ್ದ ದಾದಾಪೀರ್ ಟೋಪಿ ತೆಗೆದ. ನನ್ನ ಕಣ್ಣಲ್ಲಿ ನೀರು ಧಾರಾಕಾರ. ಇಂಥ ಮೊಮ್ಮಗಳನ್ನು ಪಡೆದವನು ಎಂಥ ಪುಣ್ಯವಂತನಪ್ಪಾ, ಪಾಪ, ಒಳ್ಳೆಯ ಮನುಷ್ಯನಿರಬೇಕು ಎಂದುಕೊಂಡು, ಆ ಪುಣ್ಯವಂತನಿಗೆ ಕೊನೆಯ ಮರ್ಯಾದೆ ಕೊಡಲು ನಾನೂ ಎದ್ದು ನಿಂತು ಕೈಮುಗಿದೆ.

ಗೌರಮ್ಮ ಹಿಂದಿನಿಂದ ನನ್ನ ಅಂಗಿ ಹಿಡಿದೆಳೆದಳು.

"ಕುತ್ಕಳ್ರೀ" ಎಂದಳು. "ನೀವು ಎದ್ದು ನಿಂತ್ರೆ ಮಕ್ಕಳು ಹೆದರ್ತಾವೆ."